ಚಹಾ ಲೋಟದಡಿಯ ಬಡ್ಡಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ, ಬೀದಿದೀಪಗಳು ಆರಿಲ್ಲ. ಮೂರಂತಸ್ತಿನ ಹೊಸ ಮನೆಯೊಂದರ ಗೇಟಿನ ಮುಂದೆ ಐವತ್ತು ದಾಟಿದ ಹೆಂಗಸೊಬ್ಬರು ಪ್ಲಾಸ್ಟಿಕ್ ಫೈಲೊಂದನ್ನು ಎದೆಗೆ ಅವುಚಿಕೊಂಡು ನಿಂತಿದ್ದಾರೆ. ಒಳಗಿನ ನಾಯಿ ಎರಡು ಸಲ ಬೊಗಳಿ, ಗುರುತು ಸಿಕ್ಕಿದ ಮೇಲೆ ಸುಮ್ಮನೆ ಮಲಗಿದೆ. ಒಂದೇ ವಾರದಲ್ಲಿ ಇದು ಅವರ ಮೂರನೆಯ ಭೇಟಿ. ನಾಯಿಗೂ ಬೇಸರ ಬಂದಿರಬೇಕು.

ಮನೆಯೊಡೆಯ ಬಾಯಲ್ಲಿ ಬ್ರಷ್ಷು ಇಟ್ಟುಕೊಂಡೇ ಮೆಟ್ಟಿಲಿಗೆ ಬರುತ್ತಾನೆ. ಕಟ್ಟಡದ ಗುತ್ತಿಗೆದಾರ. ಬೆನ್ನ ಹಿಂದೆ ಪೇಟೆಯವರೆಲ್ಲ ಅವನನ್ನು ‘ಮುಂದಿನ್ವಾರ’ ಎಂದೇ ಕರೆಯುತ್ತಾರೆ. ದುಡ್ಡು ಕೇಳಿದಾಗಲೆಲ್ಲ ಅವನ ಬಾಯಿಂದ ಬರುವ ಮಾತು ಅದೊಂದೇ.

“ಏನಕ್ಕಾ, ಇಷ್ಟು ಬೆಳಿಗ್ಗೇನೇ?”

“ನೀವು ಹಲ್ಲುಜ್ಜೋ ಹೊತ್ತಿಗೆ ಬಂದ್ರೇನೇ ಸಿಗೋದು ಅಣ್ಣಾ. ಆಮೇಲೆ ಬಂದ್ರೆ ಸೈಟಲ್ಲಿದೀನಿ ಅಂತೀರಿ, ಸೈಟಿಗೆ ಬಂದ್ರೆ ಬ್ಯಾಂಕಲ್ಲಿದೀನಿ ಅಂತೀರಿ. ಒಂದು ಸಹಿ ಹಾಕಿಕೊಡಿ, ಅಷ್ಟೇ. ನಾನು ದುಡ್ಡು ಕೇಳೋಕೆ ಬಂದಿಲ್ಲ.”

ದುಡ್ಡು ಕೇಳಲು ಬಂದಿಲ್ಲ ಎಂದರೆ ಸಾಲಗಾರನಾದವನು ನಿಟ್ಟುಸಿರು ಬಿಡಬೇಕು. ಇವನ ಮುಖ ಮಾತ್ರ ಇನ್ನಷ್ಟು ಬಿಗಿಯುತ್ತದೆ. ನೊರೆ ಉಗುಳಿ, ಬಾಯಿ ಒರೆಸಿಕೊಂಡು, ಒಳಗಿನಿಂದ ಯಾರೋ ಕರೆದಂತೆ ತಿರುಗುತ್ತಾನೆ. ಯಾರೂ ಕರೆದಿಲ್ಲ. “ಮುಂದಿನ ವಾರ ನೋಡೋಣ ಅಕ್ಕಾ” ಎನ್ನುವಷ್ಟರಲ್ಲಿ ಬಾಗಿಲು ಮುಚ್ಚಿಕೊಳ್ಳುತ್ತದೆ. ಮುಂದಿನ ವಾರ ಆ ಸಹಿ ಸಿಕ್ಕರೂ ಉಪಯೋಗವಿಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತು. ತೆರಿಗೆ ಇಲಾಖೆ ಕೊಟ್ಟಿರುವ ಗಡುವು ನಾಳೆಗೆ ಮುಗಿಯುತ್ತದೆ.

ಈ ಹೆಂಗಸನ್ನು ಪೇಟೆ ಬೀದಿಯಲ್ಲಿ ಎಲ್ಲರೂ ಕರೆಯುವುದು ಲೆಕ್ಕದಕ್ಕ ಎಂದು. ಪೈಪು, ನಲ್ಲಿ, ನೀರಿನ ಟ್ಯಾಂಕು, ಬಚ್ಚಲುಮನೆಯ ಸಾಮಾನು ಮಾರುವ ಸಗಟು ಅಂಗಡಿಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಲೆಕ್ಕ ಬರೆಯುತ್ತ ಬಂದಿದ್ದಾರೆ. ಸುತ್ತಲಿನ ಎಷ್ಟೋ ಮನೆಗಳ ನಲ್ಲಿಯಲ್ಲಿ ನೀರು ಸುರಿಯುತ್ತಿರುವುದು ಇವರು ಬರೆದ ಉದ್ರಿ ಬಿಲ್ಲಿನ ದಯೆಯಿಂದ. ನಲ್ಲಿ ತಿರುಗಿಸುವ ಯಾರಿಗೂ ಇವರ ನೆನಪು ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಬೆನ್ನು ತಟ್ಟಿ ಬಹುಮಾನ ಕೊಡುವಂಥ ಕೆಲಸ ಇದಲ್ಲ. ಈಗ ಇವರ ಬಗ್ಗೆ ಬರೆಯುತ್ತಿರುವುದೂ ಇವರು ಏನನ್ನೋ ಗೆದ್ದರೆಂದಲ್ಲ. ಇವರು ಸೋಲುತ್ತಿದ್ದಾರೆ, ಎಲ್ಲರ ಕಣ್ಣೆದುರೇ ಸೋಲುತ್ತಿದ್ದಾರೆ, ಯಾರೂ ತಿರುಗಿ ನೋಡುತ್ತಿಲ್ಲ.

ಗೇಟಿನಿಂದ ಅಂಗಡಿಗೆ ಅರ್ಧ ಗಂಟೆಯ ನಡಿಗೆ. ಆಟೋಗೆ ಕೊಡುವ ದುಡ್ಡು ಉಳಿಯಲಿ ಎಂದು ನಡೆದೇ ಬರುತ್ತಾರೆ. ಪಕ್ಕದ ಸಣ್ಣ ಬಾಗಿಲು ತೆಗೆದು, ಕಪ್ಪು ಟ್ಯಾಂಕುಗಳ ಸಾಲಿನ ನಡುವೆ ಅಡ್ಡಡ್ಡ ನುಸುಳಿ, ತಮ್ಮ ಮೂಲೆ ಸೇರುತ್ತಾರೆ. ಒಂದು ಮೇಜು, ಕಾಲು ಅಲುಗಾಡದಂತೆ ಪೈಪಿನ ತುಂಡು ಕೊಟ್ಟು ನಿಲ್ಲಿಸಿದ ಕುರ್ಚಿ, ತಲೆಯ ಮೇಲೊಂದು ಟ್ಯೂಬ್‌ಲೈಟು. ಕಿಟಕಿಯಿಲ್ಲ. ಪೈಪಿನ ಅಂಟಿನ ವಾಸನೆ ಹೊಸಬರ ಮೂಗಿಗೆ ಬಡಿಯುತ್ತದೆ. ಲೆಕ್ಕದಕ್ಕನಿಗೆ ಅದು ಗೊತ್ತೇ ಆಗುವುದಿಲ್ಲ. ಮನೆಗೆ ಹೋದಾಗ ಮಗಳು ಮೂಗು ಮುಚ್ಚಿಕೊಂಡಾಗಷ್ಟೇ ನೆನಪಾಗುತ್ತದಂತೆ.

ಬೆಳಿಗ್ಗೆ ಹತ್ತು ಹನ್ನೆರಡು ಫೋನು, ದಿನಕ್ಕೆ ಮೂವತ್ತು ನಲವತ್ತು ಬಿಲ್ಲು, ಸಂಜೆ ಗಲ್ಲಾ ಎಣಿಸಿ ಬೀಗ. ಇದು ಇವರ ದಿನಚರಿ. ಫೋನಿನಲ್ಲಿ ಇವರು ಯಾರಿಗೂ ದನಿ ಏರಿಸುವುದಿಲ್ಲ. “ಮಗು ಹುಷಾರಾಯ್ತಾ ಅಣ್ಣಾ?” ಎಂದು ಶುರುಮಾಡಿ, “ಹಂಗೇ ಆ ಟ್ಯಾಂಕಿನ ಬಿಲ್ಲೊಂದು ನೋಡಿ” ಎಂದು ಮುಗಿಸುತ್ತಾರೆ. ಎದುರಿನವನು ತಪ್ಪಿಸಿಕೊಳ್ಳಲಾಗದೆ ಒದ್ದಾಡುತ್ತಾನೆ. ದುಡ್ಡು ವಸೂಲಿ ಮಾಡುವುದಕ್ಕೂ ಒಂದು ಕೈಗುಣ ಬೇಕು, ಅದು ಇವರಿಗಿದೆ.

ಈ ಅಂಗಡಿಯಲ್ಲಿ ಮೊದಲಿನಿಂದಲೂ ಒಂದು ಪದ್ಧತಿ ಉಂಟು. ಉದ್ರಿ ತೆಗೆದುಕೊಂಡವನು ಒಂದು ತಿಂಗಳೊಳಗೆ ದುಡ್ಡು ಕೊಡದಿದ್ದರೆ ಅವನ ಹೆಸರಿಗೆ ಬಡ್ಡಿ ಚೀಟಿ ಹೋಗುತ್ತದೆ. ಎರಡು ಪ್ರತಿ: ಒಂದು ಗಿರಾಕಿಗೆ, ಒಂದು ಅಂಗಡಿಗೆ. ಚೀಟಿ ಕೈಸೇರಿದ ಮೇಲೆ ಗಿರಾಕಿ ಬಾಲ ಸುಟ್ಟ ಬೆಕ್ಕಿನಂತೆ ಓಡಿ ಬರುತ್ತಾನೆ, ಅಸಲನ್ನು ಎಣಿಸಿ ಕೊಡುತ್ತಾನೆ, ಬಡ್ಡಿಯ ಮಾತು ಬಂದಾಗ ತಲೆ ಕೆರೆದುಕೊಳ್ಳುತ್ತಾನೆ. ಆಗ ಗಲ್ಲಾದಲ್ಲಿ ಕೂತ ಯಜಮಾನರು ಅಂಗಡಿಯ ಪ್ರತಿಯನ್ನು ಎಳೆದುಕೊಂಡು ತಮ್ಮ ಚಹಾದ ಲೋಟವನ್ನು ಅದರ ಮೇಲೆ ಇಟ್ಟುಬಿಡುತ್ತಾರೆ. ಅಲ್ಲಿಗೆ ಬಡ್ಡಿ ಮನ್ನಾ. ಗಿರಾಕಿ ನಗುತ್ತಾನೆ, ಅವನಿಗೂ ಒಂದು ಲೋಟ ಬರುತ್ತದೆ, ಹೊಸ ಉದ್ರಿ ಶುರುವಾಗುತ್ತದೆ.

“ನಮ್ಮಲ್ಲಿ ಬಡ್ಡಿ ಬಿಟ್ರು ಅಂತ ಯಾರೂ ಹೇಳಲ್ಲ, ಟೀ ಇಟ್ರು ಅಂತಾರೆ” ಎನ್ನುತ್ತಾರೆ ಲೆಕ್ಕದಕ್ಕ. “ಯಜಮಾನ್ರು ಏನಂತಿದ್ರು ಗೊತ್ತಾ? ಬಡ್ಡಿ ತಗೊಂಡ್ರೆ ಗಿರಾಕಿ ಹೋಗ್ತಾನೆ, ಬಡ್ಡಿ ಬರೀದಿದ್ರೆ ದುಡ್ಡು ಹೋಗುತ್ತೆ ಅಂತ. ಅದಕ್ಕೇ ಬರೆಯೋದು, ಬಿಡೋದು. ಇಷ್ಟು ವರ್ಷದಲ್ಲಿ ಬಡ್ಡಿ ಬಂತು ಅಂತ ಒಂದೇ ಒಂದು ರಸೀತಿ ನಾನು ಹರಿದಿಲ್ಲ. ಬಾರದ ದುಡ್ಡು ಆದಾಯ ಹೇಗಾಗುತ್ತೆ? ಅದಕ್ಕೆ ತೆರಿಗೆ ಲೆಕ್ಕದಲ್ಲಿ ನಾನು ಅದನ್ನ ಸೇರಿಸ್ತಾನೇ ಇರಲಿಲ್ಲ. ಆಡಿಟರ್‌ಗೂ ಹೇಳಲಿಲ್ಲ. ಹೇಳೋಕೆ ಅದರಲ್ಲೇನಿದೆ ಅಂದ್ಕೊಂಡೆ.”

ಇದೇ ಇವರ ತಪ್ಪು. ಬರೆದ ಬಡ್ಡಿಯನ್ನು ಬಿಟ್ಟಾಗ, ಬಿಟ್ಟೆವು ಎಂದೂ ಒಂದು ಚೀಟಿ ಬರೆಯಬೇಕಿತ್ತು. ಬರೆಯಲಿಲ್ಲ. ಲೋಟ ಇಟ್ಟಮೇಲೆ ಇನ್ನೇನು ಬರೆಯುವುದು ಎಂದು ಅಂಗಡಿಯಲ್ಲಿ ಎಲ್ಲರಿಗೂ ಅನ್ನಿಸಿತ್ತು. ಯಾರೂ ಮೋಸ ಮಾಡಲಿಲ್ಲ, ಯಾರೂ ಒಂದು ಕಾಸು ತಿನ್ನಲಿಲ್ಲ. ಹಾಗಿದ್ದೂ ಮೋಸಗಾರರ ಸಾಲಿನಲ್ಲಿ ಕೂತು ಕಾಯುವ ಗತಿ ಬಂತು.

ನೋಟಿಸು ಬಂದದ್ದು ಎರಡು ತಿಂಗಳ ಹಿಂದೆ. ಹಿಂದಿನ ಕೆಲವು ವರ್ಷಗಳ ಬಡ್ಡಿ ಆದಾಯವನ್ನು ಮುಚ್ಚಿಟ್ಟಿದ್ದೀರಿ, ಅದಕ್ಕೆ ತೆರಿಗೆ ಕಟ್ಟಿ, ಜೊತೆಗೆ ದಂಡ ಕಟ್ಟಿ ಎಂಬ ಒಕ್ಕಣೆ. ಯಜಮಾನರು ಅದನ್ನು ಓದಿ ಲೆಕ್ಕದಕ್ಕನ ಮೇಜಿನ ಮೇಲಿಟ್ಟು ಹೊರಗೆ ಹೋದರು. ಲೆಕ್ಕದಕ್ಕನಿಗೆ ಈಗಲೂ ಕೊರೆಯುವುದು ಅದೇ. “ಬೈದಿದ್ರೆ ಚೆನ್ನಾಗಿತ್ತು. ಇಷ್ಟು ವರ್ಷ ಕೂತು ಏನು ಮಾಡಿದೆ ಅಂತ ಒಂದು ಮಾತು ಕೇಳಿದ್ರೆ ಅತ್ತು ಹಗುರ ಆಗ್ತಿದ್ದೆ. ಅವರು ಕೇಳಲೇ ಇಲ್ಲ.”

ಇಲಾಖೆಯ ಕಚೇರಿಗೆ ಯಜಮಾನರ ಪರವಾಗಿ ಹೋದವರು ಇವರೇ. ಜೊತೆಗೆ ಆಡಿಟರ್ ಇದ್ದರು. ಎದುರಿಗೆ ಮಗಳಿಗಿಂತ ಸ್ವಲ್ಪ ದೊಡ್ಡವಳಾದ ಅಧಿಕಾರಿ. ಗದರುವ ಅಧಿಕಾರಿಯಾಗಿದ್ದರೆ ಮನೆಗೆ ಬಂದು ಶಾಪ ಹಾಕಬಹುದಿತ್ತು. ಈಕೆ ಎದ್ದು ನಿಂತು ಕುರ್ಚಿ ತೋರಿಸಿದಳು, ಕುಡಿಯಲು ನೀರು ತರಿಸಿದಳು.

“ನಿಮ್ಮ ಗುತ್ತಿಗೆದಾರ್ರು ತಮ್ಮ ಲೆಕ್ಕದಲ್ಲಿ ನಿಮ್ಮ ಅಂಗಡಿಗೆ ಬಡ್ಡಿ ಅಂತ ಖರ್ಚು ತೋರಿಸಿದಾರೆ ಅಮ್ಮ. ಒಬ್ಬರಲ್ಲ, ಸುಮಾರು ಜನ. ನಿಮ್ಮ ಲೆಕ್ಕದಲ್ಲಿ ಆ ಬಡ್ಡಿ ಎಲ್ಲೂ ಇಲ್ಲ.”

ಲೆಕ್ಕದಕ್ಕನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು. ಯಜಮಾನರು ಲೋಟ ಇಡುತ್ತಿದ್ದದ್ದು ಅಂಗಡಿಯ ಪ್ರತಿಯ ಮೇಲೆ. ಗಿರಾಕಿಯ ಪ್ರತಿ ಗಿರಾಕಿಯ ಜೇಬಿನಲ್ಲೇ ಉಳಿಯುತ್ತಿತ್ತು, ಕಲೆಯಿಲ್ಲದೆ, ಶುಭ್ರವಾಗಿ. ಚಹಾ ಕುಡಿದು, ಬಡ್ಡಿ ಬಿಡಿಸಿಕೊಂಡು, ನಗುನಗುತ್ತ ಹೋದವರು ಅದೇ ಚೀಟಿಯನ್ನು ತಮ್ಮ ಖರ್ಚಿನ ಕಡತಕ್ಕೆ ಸೇರಿಸಿ ತಮ್ಮ ತೆರಿಗೆ ಕಡಿಮೆ ಮಾಡಿಕೊಂಡಿದ್ದರು.

“ಅವರು ಕೊಟ್ಟೇ ಇಲ್ಲ ಮೇಡಂ, ನಮಗೆ ಬಂದೇ ಇಲ್ಲ.”

“ಬರೋದು ಬಿಡೋದು ಆಮೇಲಿನ ಮಾತು ಅಮ್ಮ. ದುಡ್ಡು ತಡ ಆಯ್ತು ಅಂತ ಬಡ್ಡಿ ಹಾಕಿ ಚೀಟಿ ಕೊಟ್ಟ ದಿನಾನೇ ಅದು ನಿಮ್ಮ ಆದಾಯ. ಬಿಟ್ಟಿದ್ರೆ, ಬಿಟ್ವಿ ಅಂತ ಬರೆದಿರಬೇಕು. ಬರೆದಿದೀರಾ?”

ಲೆಕ್ಕದಕ್ಕ ಚೀಲಕ್ಕೆ ಕೈಹಾಕಿ ಒಂದು ಕಟ್ಟು ತೆಗೆದು ಮೇಜಿನ ಮೇಲಿಟ್ಟರು. ಅಂಗಡಿಯ ಪ್ರತಿಗಳು. ಒಂದೊಂದರ ಮೇಲೂ ದುಂಡನೆಯ ಕಂದು ಗುರುತು. ಕೆಲವುಗಳ ಮೇಲೆ ಒಂದು, ಕೆಲವುಗಳ ಮೇಲೆ ಎರಡು.

“ಏನಿದು?”

“ಟೀ ಲೋಟದ ಕಲೆ ಮೇಡಂ. ಇದೇ ನಮ್ಮಲ್ಲಿ ಮನ್ನಾ.”

ಆಡಿಟರ್ ತಲೆ ತಗ್ಗಿಸಿದರು. ಅಧಿಕಾರಿ ಒಂದೊಂದೇ ಚೀಟಿ ತಿರುವಿ ನೋಡಿದಳು. ನಗು ಬಂದಿತ್ತೇನೋ, ನುಂಗಿಕೊಂಡಳು. “ನಾನು ನಂಬ್ತೀನಿ ಅಮ್ಮ. ಆದ್ರೆ ಕಡತದಲ್ಲಿ ಟೀ ಕಲೆ ನೋಡಿ ಬಿಟ್ಟೆ ಅಂತ ಬರೆಯೋಕೆ ನನಗೆ ಆಗಲ್ಲ” ಎಂದಳು. ಆಮೇಲೆ ಒಂದು ದಾರಿ ತೋರಿಸಿದಳು. ನನಗೆ ಬಡ್ಡಿ ಬಿಟ್ಟಿದ್ದಾರೆ, ನಾನು ಅದನ್ನು ಕೊಟ್ಟಿಲ್ಲ, ಖರ್ಚೆಂದು ತೋರಿಸಿದ್ದನ್ನು ತಿದ್ದಿಕೊಳ್ಳುತ್ತೇನೆ ಎಂದು ಯಾವ ಯಾವ ಗಿರಾಕಿ ಬರೆದು ಸಹಿ ಹಾಕಿಕೊಡುತ್ತಾನೋ, ಅವನ ಪಾಲಿನ ಬಡ್ಡಿಯನ್ನು ಅಂಗಡಿಯ ಆದಾಯದಿಂದ ತೆಗೆಯಬಹುದು. ಅದಕ್ಕೇ ಗಡುವು.

ಹೊರಗೆ ಬಂದಾಗ ಲೆಕ್ಕದಕ್ಕನಿಗೆ ಜೀವ ಬಂದಂತಾಗಿತ್ತು. ಇಷ್ಟು ವರ್ಷ ಅಕ್ಕಾ ಅಕ್ಕಾ ಎಂದವರು, ಒಂದು ಸಹಿಗೆ ಇಲ್ಲವೆನ್ನುತ್ತಾರೆಯೇ? ಆಡಿಟರ್ ಮಾತ್ರ ಮೆಟ್ಟಿಲಿಳಿಯುತ್ತ ಅವರ ಮುಖ ನೋಡಲಿಲ್ಲ. “ಸಹಿ ಹಾಕಿದ್ರೆ ಅವರು ಉಳಿಸ್ಕೊಂಡ ತೆರಿಗೆನ ಅವರೇ ವಾಪಸ್ ಕಟ್ಟಬೇಕು ಅಕ್ಕ” ಎಂದಷ್ಟೇ ಹೇಳಿದರು.

ಅಲ್ಲಿಂದ ಶುರುವಾದದ್ದು ಈ ಬೆಳಗಿನ ತಿರುಗಾಟ. ಚಪ್ಪಲಿಯ ಹಿಮ್ಮಡಿ ಸವೆದು ಒಂದು ಕಡೆ ವಾಲಿದೆ. ಒಬ್ಬ ಊರಲ್ಲಿಲ್ಲ ಎಂದು ಮಹಡಿಯ ಕಿಟಕಿಯಿಂದ ತಾನೇ ಹೇಳಿದ. ಇನ್ನೊಬ್ಬ ಕೂರಿಸಿ, ಬಿಸ್ಕತ್ತು ಕೊಟ್ಟು, ಕಾಗದ ಓದಿ, ಮಡಿಸಿ ಇವರ ಕೈಗೇ ಇಟ್ಟ. ‘ಮುಂದಿನ್ವಾರ’ ಗುತ್ತಿಗೆದಾರ ಎರಡನೆಯ ಭೇಟಿಯಲ್ಲಿ ನಿಜವನ್ನೇ ಹೇಳಿದ್ದ: “ನಾನು ಸಹಿ ಹಾಕಿದ್ರೆ ನಿಮ್ಮ ತಲೆನೋವು ನನ್ನ ತಲೆಗೆ ಬರುತ್ತೆ ಅಕ್ಕಾ. ನೀವೇ ತಾನೆ ಚೀಟಿ ಕೊಟ್ಟಿದ್ದು?” ಆ ಮಾತು ಇವರಿಗೆ ನಾಟಿದೆ. ಹೌದು, ಕೊಟ್ಟವರು ಇವರೇ. ಅಂದವಾದ ಅಕ್ಷರದಲ್ಲಿ, ಅಡಿಗೆರೆ ಹಾಕಿ, ಕೆಳಗೆ ಸಹಿ ಮಾಡಿ ಕೊಟ್ಟದ್ದು.

ಹಳೆಯ ತಾರೀಖು ಹಾಕಿ ಮನ್ನಾ ಚೀಟಿಗಳನ್ನು ಈಗ ಬರೆದುಬಿಡಿ, ಯಾರಿಗೆ ಗೊತ್ತಾಗುತ್ತದೆ ಎಂದು ಯಜಮಾನರ ಅಳಿಯ ಒಂದು ದಿನ ಬಂದು ಹೇಳಿ ಹೋದ. ಪೆನ್ನು ಹಿಡಿದು ಕೂತದ್ದೂ ನಿಜ ಎನ್ನುತ್ತಾರೆ ಲೆಕ್ಕದಕ್ಕ. “ಒಂದು ಬರೆದೆ. ಬರೆದು ನೋಡಿದೆ. ಕಾಗದ ಹೊಸದು, ಕಲೆ ಇಲ್ಲ. ಅದರ ಮೇಲೆ ಟೀ ಲೋಟನೂ ನಾನೇ ಇಡಬೇಕಾ ಅನ್ನಿಸ್ತು. ನಾಚಿಕೆ ಆಗಿ ಹರಿದು ಹಾಕಿದೆ. ಇಲ್ಲೀತನಕ ತಪ್ಪು ಮಾಡಿದ್ದೆ, ಕಳ್ಳತನ ಮಾಡಿರಲಿಲ್ಲ.”

ಒಟ್ಟು ತೆರಿಗೆ ಎಷ್ಟೆಂದು ಕೇಳಿದರೆ ಅವರು ಅಂಕಿ ಹೇಳುವುದಿಲ್ಲ, ಕೈ ಬೀಸಿ ಇಡೀ ಅಂಗಡಿಯನ್ನು ತೋರಿಸುತ್ತಾರೆ. ಟ್ಯಾಂಕು, ಪೈಪು, ಗೋಡೆಯುದ್ದಕ್ಕೂ ತೂಗುಹಾಕಿದ ನಲ್ಲಿಗಳು. ಇಷ್ಟನ್ನೂ ಮಾರಿದರೆ ಅಷ್ಟಾಗಬಹುದು. ಅದರ ಮೇಲೆ ದಂಡ ಬೇರೆ. ತೆರಿಗೆ ಕಟ್ಟುವುದು ತಡವಾಯಿತೆಂದು ಇಲಾಖೆ ತಿಂಗಳು ತಿಂಗಳೂ ಹಾಕುತ್ತಿರುವ ಬಡ್ಡಿ ಬೇರೆ. ಆ ಬಡ್ಡಿ ಮಾತ್ರ ನಿಜವಾದ ಬಡ್ಡಿ. ಅದರ ಮೇಲೆ ಲೋಟ ಇಡುವವರು ಯಾರೂ ಇಲ್ಲ. ಯಾರ ಕೈಯಿಂದಲೂ ಹೋಗದ, ಯಾರ ಕೈಗೂ ಬಾರದ ದುಡ್ಡೊಂದು ಕಾಗದದ ಮೇಲೇ ಬೆಳೆದು ಒಂದು ಅಂಗಡಿಯನ್ನು ನುಂಗುತ್ತಿದೆ. ಕಾನೂನು ತಪ್ಪೆನ್ನಲೂ ಆಗುವುದಿಲ್ಲ. ಬಡ್ಡಿ ಬರೆದವನು ಅದು ಬಂದಿಲ್ಲವೆಂದು ಬಾಯಲ್ಲಿ ಹೇಳಿದರೆ ನಂಬಬೇಕೆಂದಾದರೆ ಇಲಾಖೆ ಬಾಗಿಲು ಹಾಕಿಕೊಳ್ಳಬೇಕಾಗುತ್ತದೆ. ಸಿಟ್ಟು ಯಾರ ಮೇಲೆ ಮಾಡಿಕೊಳ್ಳುವುದೆಂದೇ ತಿಳಿಯುವುದಿಲ್ಲ. ಅದೇ ದೊಡ್ಡ ಸಂಕಟ.

ಮನೆಯಲ್ಲಿ ಗಂಡ ಇದ್ದಾರೆ. ಬಸ್ಸು ಓಡಿಸುತ್ತಿದ್ದವರು, ಒಂದು ಕಣ್ಣು ಮಂಜಾದ ಮೇಲೆ ಸ್ಟೀರಿಂಗ್ ಬಿಟ್ಟು ಸೌಟು ಹಿಡಿದಿದ್ದಾರೆ. ಹಗುರ ಮಾತಿನ ಮನುಷ್ಯ. “ನಮ್ಮನೇಲಿ ಬಡ್ಡಿ ಇಲ್ಲದೆ ಸಿಗೋದು ಇವಳ ಬೈಗುಳ ಒಂದೇ” ಎಂದು ನಗಿಸಲು ನೋಡುತ್ತಾರೆ. ಈಚೆಗೆ ಆ ಬೈಗುಳವೂ ನಿಂತಿದೆಯಂತೆ. ಮಗಳು ದಾದಿಯರ ಶಾಲೆಯ ಕೊನೆಯ ವರ್ಷದಲ್ಲಿದ್ದಾಳೆ, ಕೊನೆಯ ಕಂತಿನ ಶುಲ್ಕ ಬಾಕಿಯಿದೆ. ಆ ಮನೆಯ ಅಕ್ಕಿ, ಬಾಡಿಗೆ, ಕಣ್ಣಿನ ಔಷಧಿ ಎಲ್ಲಕ್ಕೂ ಆಧಾರ ಲೆಕ್ಕದಕ್ಕನ ಸಂಬಳವೊಂದೇ. ತೆರಿಗೆ ಖಾಯಂ ಆದರೆ ತಿಂಗಳ ಕೊನೆಗೆ ಶಟರ್ ಎಳೆಯುತ್ತೇನೆ ಎಂದು ಯಜಮಾನರು ಹೇಳಿಯಾಗಿದೆ. ಈ ವಯಸ್ಸಿನಲ್ಲಿ, ಇಂಥ ತಪ್ಪಿನ ಸುದ್ದಿ ಬೀದಿಯೆಲ್ಲ ಹರಡಿರುವಾಗ, ಇನ್ನೊಂದು ಅಂಗಡಿಯಲ್ಲಿ ಲೆಕ್ಕ ಬರೆಯಲು ಯಾರು ಕರೆಯುತ್ತಾರೆ?

ಗಡುವಿನ ದಿನ ಬೆಳಿಗ್ಗೆ ಲೆಕ್ಕದಕ್ಕ ಯಾರ ಗೇಟಿಗೂ ಹೋಗುವುದಿಲ್ಲ. ನೇರ ಅಂಗಡಿಗೆ ಬಂದು ಫೈಲನ್ನು ಮೇಜಿನ ಮೇಲೆ ಬಿಚ್ಚಿಡುತ್ತಾರೆ. ಬರೆದು ಸಿದ್ಧಮಾಡಿದ ಕಾಗದಗಳು, ಒಂದರಲ್ಲೂ ಸಹಿಯಿಲ್ಲ. ಯಜಮಾನರು ಹೊರಗೆ ಮೆಟ್ಟಿಲ ಮೇಲೆ ನಿಂತು ಚಹಾ ಕುಡಿಯುತ್ತಿದ್ದಾರೆ. ನೋಟಿಸು ಬಂದಂದಿನಿಂದ ಅವರು ಗಲ್ಲಾದ ಮುಂದೆ ಲೋಟ ತಂದಿಲ್ಲ.

ಅಷ್ಟರಲ್ಲಿ ಟ್ಯಾಂಕುಗಳ ನಡುವೆ ದಾರಿ ಮಾಡಿಕೊಂಡು ವಾಷರ್ ಅಜ್ಜ ಬರುತ್ತಾನೆ. ಸೋರುವ ನಲ್ಲಿ ರಿಪೇರಿ ಮಾಡಿ ಹೊಟ್ಟೆ ಹೊರೆಯುವ ಮುದುಕ. ಅಂಗಡಿಗೆ ಬರುವವರಲ್ಲೇ ಅತಿ ಸಣ್ಣ ಗಿರಾಕಿ. ಒಂದು ಹಿಡಿ ವಾಷರು, ಎಂದಾದರೊಮ್ಮೆ ಒಂದು ನಲ್ಲಿ, ಅಷ್ಟೇ ಅವನ ವ್ಯಾಪಾರ. ಅವನ ಹೆಸರಿಗೂ ಬಡ್ಡಿ ಚೀಟಿ ಹೋಗಿತ್ತು. ಅವನ ಮನೆಗೆ ಹೋಗಿ ಸಹಿ ಕೇಳುವುದು ಲೆಕ್ಕದಕ್ಕನಿಗೆ ಹೊಳೆದೇ ಇರಲಿಲ್ಲ. ಅಷ್ಟು ಸಣ್ಣ ಮೊತ್ತ.

“ಸಹಿ ಕೇಳ್ತಾ ತಿರುಗ್ತಿದೀಯಂತೆ ಮಗಳೇ. ನನ್ನನ್ನ ಮಾತ್ರ ಕೇಳಲೇ ಇಲ್ಲ” ಎನ್ನುತ್ತಾನೆ. ದನಿಯಲ್ಲಿ ಸಣ್ಣ ಮುನಿಸು.

“ನಿಮ್ಮದೇನು ಮಹಾ ಇದೆ ಅಂತ ಬಿಟ್ಟೆ ಅಜ್ಜ. ನೀವು ಖರ್ಚು ಅಂತ ಎಲ್ಲೂ ತೋರಿಸಿಲ್ಲ ತಾನೆ?”

“ತೆರಿಗೆ ಕಟ್ಟೋ ಅಷ್ಟು ದುಡಿದಿದ್ರೆ ತಾನೆ ತೋರಿಸೋಕೆ? ಕೊಡು ಇಲ್ಲಿ.”

ಕನ್ನಡಕ ಹುಡುಕಿ, ಬೆರಳು ಒರೆಸಿಕೊಂಡು, ಹಳೆಯ ಚೀಟಿಗಳ ಬಡ್ಡಿ ಬಿಟ್ಟಿದ್ದಾರೆಂದು ಲೆಕ್ಕದಕ್ಕ ಅಲ್ಲೇ ಬರೆದುಕೊಟ್ಟ ಕಾಗದಕ್ಕೆ ನಿಧಾನವಾಗಿ ಸಹಿ ಹಾಕುತ್ತಾನೆ. ಆಮೇಲೆ ಜೇಬಿನಿಂದ ಈ ಸಲದ ಬಾಕಿಯನ್ನು ತೆಗೆದು ಎಣಿಸಿಡುತ್ತಾನೆ. ಅದರ ಪಕ್ಕದಲ್ಲಿ ಬೇರೆಯಾಗಿ ಒಂದಿಷ್ಟು ಚಿಲ್ಲರೆ. “ಇದು ಬಡ್ಡಿ. ನಿಮಗೆ ಕಷ್ಟ ಬಂದಿದೆ ಅಂದ್ರು. ಇಷ್ಟು ದಿನ ಬಿಟ್ಟಿದೀರಿ, ಈ ಸಲ ತಗೊಳ್ಳಿ.”

ಇಷ್ಟು ವರ್ಷದಲ್ಲಿ ಬಡ್ಡಿ ಎಂದು ಕೈಗೆ ಬಂದ ಮೊದಲ ದುಡ್ಡು, ಅದೂ ಕೊಡಲಾರದವನ ಕೈಯಿಂದ. ಮಾತು ಕೇಳಿ ಯಜಮಾನರು ಒಳಗೆ ಬಂದಿದ್ದಾರೆ. ಚಿಲ್ಲರೆ ನೋಡುತ್ತಾರೆ, ಅಜ್ಜನನ್ನು ನೋಡುತ್ತಾರೆ, ತಲೆಯಾಡಿಸುತ್ತಾರೆ. ಕೈಯಲ್ಲಿನ ಲೋಟ ಅಭ್ಯಾಸಬಲದಿಂದ ಲೆಕ್ಕದಕ್ಕ ತೆಗೆದಿಟ್ಟಿದ್ದ ಅಜ್ಜನ ಈ ಸಲದ ಬಡ್ಡಿ ಚೀಟಿಯತ್ತ ಇಳಿಯುತ್ತದೆ, ಅರ್ಧದಲ್ಲೇ ನಿಲ್ಲುತ್ತದೆ. ಇಡಲೂ ಆಗದೆ, ಹಿಂದಕ್ಕೆ ತೆಗೆದುಕೊಳ್ಳಲೂ ಆಗದೆ ಅವರು ಹಾಗೇ ನಿಂತುಬಿಡುತ್ತಾರೆ.

“ಲೋಟ ಇಡಬೇಡಿ ಯಜಮಾನ್ರೇ” ಎನ್ನುತ್ತಾರೆ ಲೆಕ್ಕದಕ್ಕ. “ಒಂದು ನಿಮಿಷ ಇರಿ.”

ವಾಷರ್ ಅಜ್ಜ ಲೋಟವನ್ನು ಅವರ ಕೈಯಿಂದ ಬಿಡಿಸಿಕೊಂಡು ತಾನು ಹಿಡಿದುಕೊಳ್ಳುತ್ತಾನೆ. ಲೆಕ್ಕದಕ್ಕ ಹೊಸ ಹಾಳೆ ತೆಗೆದು ಬರೆಯುತ್ತಾರೆ: ಇಂಥ ಬಿಲ್ಲು, ಇಷ್ಟು ಬಡ್ಡಿ, ಇಂದಿನ ತಾರೀಖಿಗೆ ಬಿಟ್ಟಿದ್ದೇವೆ. ಎರಡು ಪ್ರತಿ. ಯಜಮಾನರು ಎರಡಕ್ಕೂ ಸಹಿ ಹಾಕುತ್ತಾರೆ. ಚಿಲ್ಲರೆಯನ್ನು ಅಜ್ಜನ ಕಡೆಗೆ ಸರಿಸುತ್ತಾರೆ. ಎರಡು ತಿಂಗಳ ಮೇಲೆ ಮೊದಲ ಸಲ ಲೆಕ್ಕದಕ್ಕನ ಮುಖ ನೋಡಿ, “ಇಷ್ಟೇನಾ ಬರೀಬೇಕಾಗಿದ್ದು?” ಎಂದು ಕೇಳುತ್ತಾರೆ.

“ಇಷ್ಟೇ ಯಜಮಾನ್ರೇ.”

ಮಧ್ಯಾಹ್ನ ಲೆಕ್ಕದಕ್ಕ ಇಲಾಖೆಗೆ ಹೊರಡುತ್ತಾರೆ. ಫೈಲಿನಲ್ಲಿರುವುದು ಅಜ್ಜನ ಸಹಿಯ ಒಂದು ಕಾಗದ. ಅದರಿಂದ ಕಡಿಮೆಯಾಗುವ ತೆರಿಗೆಯಲ್ಲಿ ಒಂದು ನಲ್ಲಿಯೂ ಬರುವುದಿಲ್ಲ. ಶಟರ್ ಬೀಳುವುದು ಬೀಳುತ್ತದೆ, ಅದು ಇವರಿಗೂ ಗೊತ್ತು. ಆದರೂ ಹೊರಡುವ ಮುನ್ನ ಬೆಳಗಿನ ಮನ್ನಾ ಚೀಟಿಯ ಅಂಗಡಿ ಪ್ರತಿಯನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ, ಎಲ್ಲೂ ಕಲೆಯಿಲ್ಲವೆಂದು ನೋಡಿಕೊಳ್ಳುತ್ತಾರೆ.

“ಅಕ್ಷರ ಚೆನ್ನಾಗಿದೆ ಅಲ್ವಾ?” ಎನ್ನುತ್ತಾರೆ. “ಇಷ್ಟು ವರ್ಷದಲ್ಲಿ ಇದೊಂದು ಸರಿಯಾಗಿ ಬರೆದೆ. ಅಂಗಡಿ ಮುಚ್ಚೋ ಹೊತ್ತಿಗೆ ಕಲಿತೆ ನೋಡಿ.”